ಊರೇ ಕೊಂದವರಿಗೆ ಊರಿನ ಕಲ್ಲು

ನಮ್ಮ ಹಳ್ಳಿಗಳ ಕೆರೆ ಏರಿಯ ಮೇಲೆ, ಹಾಳುಗುಡಿಯ ಮುಂದೆ ವೀರಗಲ್ಲುಗಳು ನಿಂತಿರುತ್ತವೆ. ಕದ್ದೊಯ್ದ ತುರುಗಳನ್ನು ಬಿಡಿಸಲು ಹೋಗಿ ಸತ್ತವನು, ದಂಡನ್ನು ತಡೆದು ಸತ್ತವನು, ಹುಲಿಯೊಡನೆ ಸೆಣಸಿ ಸತ್ತವನು. ಊರಿಗಾಗಿ ಸತ್ತವರಿಗೆ ಊರು ನಿಲ್ಲಿಸಿದ ಕಲ್ಲುಗಳು ಅವು. ಊರೇ ಸೇರಿ ಕೊಂದವರಿಗೆ ಊರೇ ಕಲ್ಲು ನಿಲ್ಲಿಸುವುದು ಬಲು ಅಪರೂಪ. ಅಂಥದ್ದೊಂದು ಕಲ್ಲು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡಾನ್ವರ್ಸ್ ಎಂಬ ಪಟ್ಟಣದಲ್ಲಿದೆ. ಹೋಬರ್ಟ್ ಸ್ಟ್ರೀಟ್ ಎಂಬ ಸಾಧಾರಣ ಬೀದಿ, ಅಕ್ಕಪಕ್ಕ ಮನೆಗಳು, ಅವುಗಳ ನಡುವೆ ಹಿಂಬದಿಗೆ ಗ್ರಾನೈಟಿನ ಗೋಡೆ. ಗೋಡೆಯ ಮೇಲೆ 25 ಜನರ ಪಟ್ಟಿ. ಮುಂದೆ ಕಲ್ಲಿನ ಪೆಟ್ಟಿಗೆ, ಅದರ ಮೇಲೆ ತೆರೆದಿಟ್ಟ ಕಲ್ಲಿನ ಪುಸ್ತಕ, ಎರಡು ಬದಿಯಲ್ಲಿ ತುಂಡಾದ ಸಂಕೋಲೆ. 1692ರಲ್ಲಿ ಮಾಟಗಾತಿಯರೆಂಬ ಆರೋಪಕ್ಕೆ ಸಿಕ್ಕಿ ಸತ್ತವರ ಸ್ಮಾರಕ ಇದು. ಉದ್ಘಾಟನೆಯಾದದ್ದು 1992ರ ಮೇ 9ರಂದು, ಸರಿಯಾಗಿ ಮುನ್ನೂರು ವರ್ಷ ತಡವಾಗಿ.

ಈ ಘಟನೆಯನ್ನು ಲೋಕ ಗುರುತಿಸುವುದು ಸೇಲಂ ಎಂಬ ಹೆಸರಿನಿಂದ. ನಮಗೆ ಸೇಲಂ ಎಂದರೆ ಉಕ್ಕಿನ ಕಾರ್ಖಾನೆಯ, ಮಾವಿನ ಹಣ್ಣಿನ ತಮಿಳುನಾಡಿನ ಊರು. ಇದು ಬೇರೆ, ಬಾಸ್ಟನ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಬಾಸ್ಟನ್ನಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದ ನಮ್ಮವರನ್ನೂ ಅಕ್ಟೋಬರ್ ಬಂದರೆ ಅಲ್ಲಿಗೆ ಕರೆದೊಯ್ಯುವುದುಂಟು. ಅಲ್ಲಿ ಪೊಲೀಸ್ ಕಾರಿನ ಮೇಲೆ ಪೊರಕೆ ಏರಿದ ಮಾಟಗಾತಿಯ ಚಿತ್ರವಿದೆ. ಅಂಗಡಿಗಳ ತುಂಬ ಚೂಪು ಟೋಪಿ. ಟಿ.ವಿ. ಹಾಸ್ಯ ಧಾರಾವಾಹಿಯೊಂದರ ಮಾಟಗಾತಿ ಪಾತ್ರಕ್ಕೆ 2005ರಲ್ಲಿ ಕಂಚಿನ ಪ್ರತಿಮೆಯೇ ಎದ್ದಿತು. ಊರಿನ ಕೆಲವರು ತಕರಾರು ತೆಗೆದರು, ಪ್ರತಿಮೆ ನಿಂತಿತು. ಆದರೆ ಕಥೆ ಶುರುವಾದದ್ದು ಆ ಸೇಲಂನಲ್ಲಲ್ಲ. ಬಂದರು ಪಟ್ಟಣವಾದ ಸೇಲಂಗೆ ಸೇರಿದ, ಒಳನಾಡಿನ ರೈತರ ಹಳ್ಳಿಯೊಂದಿತ್ತು. ಅದನ್ನು ಸೇಲಂ ಗ್ರಾಮ ಎನ್ನುತ್ತಿದ್ದರು. 1752ರಲ್ಲಿ ಅದು ಪ್ರತ್ಯೇಕವಾಗಿ ಡಾನ್ವರ್ಸ್ ಎಂದಾಯಿತು. ಹೀಗೆ ಪ್ರವಾಸಿಗರು ಒಂದು ಊರಿನ ಪಾಲಾದರು, ಮೊದಲ ಪಾಪ ಇನ್ನೊಂದು ಊರಿನದಾಯಿತು. ಹೆಸರು ಬದಲಾದ ಮೇಲೆ ಡಾನ್ವರ್ಸ್‌ಗೆ ಮರೆಯುವುದು ಸುಲಭವಾಯಿತೆಂದು ನನ್ನ ಅನಿಸಿಕೆ.

1692ರ ಚಳಿಗಾಲದಲ್ಲಿ ಆ ಹಳ್ಳಿಯ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್‌ನ ಮನೆಯಲ್ಲಿ ಇಬ್ಬರು ಹುಡುಗಿಯರು ವಿಚಿತ್ರವಾಗಿ ಆಡತೊಡಗಿದರು. ಒಬ್ಬಳು ಅವನ ಒಂಬತ್ತು ವರ್ಷದ ಮಗಳು ಬೆಟ್ಟಿ, ಇನ್ನೊಬ್ಬಳು ಮನೆಯಲ್ಲೇ ಇದ್ದ ಹನ್ನೊಂದರ ಬಂಧು ಬಾಲಕಿ ಆಬಿಗೇಲ್. ಮೈ ತಿರುಚಿಕೊಳ್ಳುವುದು, ಕಿರುಚುವುದು, ಯಾರೋ ಚಿವುಟಿದರು ಎನ್ನುವುದು. ವೈದ್ಯನಿಗೆ ರೋಗ ತಿಳಿಯಲಿಲ್ಲ, ಮಾಟವೆಂದರು. ಮಾಟವೆಂದ ಮೇಲೆ ಮಾಡಿಸಿದವರು ಬೇಕಲ್ಲ. ಫೆಬ್ರವರಿ 29ರಂದು ಮೂವರ ಮೇಲೆ ವಾರಂಟ್ ಹೊರಟಿತು: ಪಾದ್ರಿಯ ಮನೆಯ ಗುಲಾಮಳು ಟಿಟುಬಾ, ಮನೆಮನೆಗೆ ಬೇಡುತ್ತ ತಿರುಗುತ್ತಿದ್ದ ಬಡವಿ ಸಾರಾ ಗುಡ್, ಚರ್ಚಿಗೆ ಬಾರದೆ ಊರವರ ಬಾಯಿಗೆ ಬಿದ್ದಿದ್ದ, ಕಾಯಿಲೆಯ ಸಾರಾ ಆಸ್ಬರ್ನ್. ಊರು ಮೊದಲು ಯಾರ ಕಡೆ ಬೆರಳು ತೋರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಪಟ್ಟಿ ಸಿಗಲಾರದು.

ಮಾರ್ಚ್ 1ರಂದು ಹಳ್ಳಿಯ ಸಭಾಮಂದಿರದಲ್ಲಿ ವಿಚಾರಣೆ ಶುರುವಾಯಿತು. ಅದು ಪ್ರಾರ್ಥನೆಯ ಜಾಗವೂ ಹೌದು, ಊರ ಪಂಚಾಯಿತಿಯ ಜಾಗವೂ ಹೌದು. ಇಂದಿನ ಸ್ಮಾರಕ ನಿಂತಿರುವುದು ಆ ಜಾಗದ ಎದುರಿಗೇ. ಮ್ಯಾಜಿಸ್ಟ್ರೇಟ್ ಜಾನ್ ಹಾಥಾರ್ನ್ ಸಾರಾ ಗುಡ್‌ಳನ್ನು ಕೇಳಿದ ಮೊದಲ ಪ್ರಶ್ನೆ ದಾಖಲೆಯಲ್ಲಿದೆ: ನಿನಗೆ ಯಾವ ದುಷ್ಟಶಕ್ತಿಯ ಸಹವಾಸ? ಮಾಟ ಮಾಡಿದ್ದೀಯಾ ಎಂದಲ್ಲ, ಯಾವ ದುಷ್ಟಶಕ್ತಿ ಎಂದು. ತೀರ್ಪು ಪ್ರಶ್ನೆಯೊಳಗೇ ಅಡಗಿತ್ತು.

ಮೂವರಿಂದ ಶುರುವಾದದ್ದು ಬೇಸಗೆಯ ಹೊತ್ತಿಗೆ ಸುತ್ತಲಿನ ಹತ್ತಾರು ಊರುಗಳಿಗೆ ಹಬ್ಬಿ, ನೂರೈವತ್ತಕ್ಕೂ ಹೆಚ್ಚು ಜನರ ಮೇಲೆ ಆರೋಪ ಬಂತು. ಯಾಕೆ ಇಷ್ಟು ಬೇಗ? ಬೂಸಲು ಹಿಡಿದ ಧಾನ್ಯ ತಿಂದು ಹುಡುಗಿಯರಿಗೆ ಭ್ರಮೆ ಹಿಡಿಯಿತು ಎಂಬ ವಾದವೊಂದು 1976ರಲ್ಲಿ ಬಂತು. ಓದಲು ಸೊಗಸಾಗಿದೆ, ಆದ್ದರಿಂದಲೇ ಇಂದಿಗೂ ಸುತ್ತುತ್ತಿದೆ. ಆದರೆ ಧಾನ್ಯ ವಾರಂಟ್ ಬರೆಯುವುದಿಲ್ಲ. ವಾರಂಟ್ ಬರೆದವರ ಸ್ಥಿತಿ ನೋಡಬೇಕು. ಮ್ಯಾಸಚೂಸೆಟ್ಸ್ ಆಗ ಇಂಗ್ಲೆಂಡಿನ ವಸಾಹತು. ಅದರ ಹಳೆಯ ಸನ್ನದನ್ನು, ಅಂದರೆ ಆಡಳಿತದ ಹಕ್ಕುಪತ್ರವನ್ನು, ಇಂಗ್ಲೆಂಡಿನ ದೊರೆ 1684ರಲ್ಲಿ ರದ್ದು ಮಾಡಿದ್ದ. ಹೊಸ ಸನ್ನದು ಹಿಡಿದುಕೊಂಡು ಗವರ್ನರ್ ವಿಲಿಯಂ ಫಿಪ್ಸ್ ಬಂದಿಳಿದದ್ದು 1692ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಮರಣದಂಡನೆಯ ಮೊಕದ್ದಮೆ ನಡೆಸುವ ಅಧಿಕಾರವುಳ್ಳ ನ್ಯಾಯಾಲಯವೇ ಇರಲಿಲ್ಲ. ಬಂಧಿಸಬಹುದಿತ್ತು, ಇತ್ಯರ್ಥ ಮಾಡುವಂತಿರಲಿಲ್ಲ. ಜೈಲುಗಳು ತುಂಬುತ್ತಲೇ ಹೋದವು. ಉತ್ತರದ ಗಡಿಯಲ್ಲಿ ಫ್ರೆಂಚರು ಮತ್ತು ಮೂಲನಿವಾಸಿಗಳ ಜೊತೆ ಯುದ್ಧ ನಡೆಯುತ್ತಿತ್ತು, ಸುಟ್ಟ ಊರುಗಳಿಂದ ಓಡಿ ಬಂದ ಅನಾಥ ಹುಡುಗಿಯರು ಸೇಲಂ ಗ್ರಾಮದ ಮನೆಗಳಲ್ಲಿ ಆಳುಗಳಾಗಿದ್ದರು. ಹಳ್ಳಿಯೊಳಗೆ ಪಾದ್ರಿಯ ಸಂಬಳ ಮತ್ತು ಸೌದೆಯ ವಿಷಯಕ್ಕೆ ಎರಡು ಬಣ. ಹೊಲದ ಗಡಿಯ ಹಳೆಯ ಜಗಳಗಳು ಬೇರೆ. ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಜಗಳ ಕೊಲೆಯಾಗಲು ಒಂದು ಯಂತ್ರ ಬೇಕು. ಇಲ್ಲಿ ಆ ಯಂತ್ರ ಸಾಕ್ಷ್ಯದ ನಿಯಮ.

ಹುಡುಗಿಯೊಬ್ಬಳು ನ್ಯಾಯಾಲಯದಲ್ಲಿ ಹೇಳುತ್ತಾಳೆ: ನಿನ್ನೆ ರಾತ್ರಿ ರೆಬೆಕ್ಕಾ ನರ್ಸ್‌ಳ ಆಕೃತಿ ನನ್ನ ಹಾಸಿಗೆಯ ಬಳಿ ಬಂದು ಕತ್ತು ಹಿಸುಕಿತು. ರೆಬೆಕ್ಕಾ ಆ ರಾತ್ರಿ ಹಾಸಿಗೆ ಹಿಡಿದು ತನ್ನ ಮನೆಯಲ್ಲೇ ಮಲಗಿದ್ದಳು ಎಂದು ನಾಲ್ಕು ಜನ ಪ್ರಮಾಣ ಮಾಡಿದರೂ ಪ್ರಯೋಜನವಿಲ್ಲ. ಬಂದದ್ದು ಅವಳ ದೇಹವಲ್ಲ, ಆಕೃತಿ. ದೇಹ ಎಲ್ಲಿತ್ತು ಎಂಬುದು ಅಪ್ರಸ್ತುತ. ಆಕೃತಿ ಕಾಣುವುದು ಪೀಡಿತಳಿಗೆ ಮಾತ್ರ. ಕಣ್ಣಿಗೆ ಬೀಳದ್ದನ್ನು ಅಲ್ಲಗಳೆಯುವುದು ಹೇಗೆ? ಇಷ್ಟರ ಮೇಲೂ ಒಂದು ಪ್ರಶ್ನೆ ಉಳಿಯುತ್ತಿತ್ತು, ಮತ್ತು ಹತ್ತೊಂಬತ್ತು ಕೊರಳುಗಳು ತೂಗಾಡಿದ್ದು ಆ ಒಂದು ಪ್ರಶ್ನೆಯ ಮೇಲೆ: ನಿರಪರಾಧಿಯೊಬ್ಬನ ರೂಪವನ್ನು ಅವನ ಒಪ್ಪಿಗೆಯಿಲ್ಲದೆ ಸೈತಾನ ಧರಿಸಬಲ್ಲನೇ? ಧರಿಸಬಲ್ಲನೆಂದರೆ ಹುಡುಗಿ ಕಂಡದ್ದು ನಿಜವಿದ್ದರೂ ರೆಬೆಕ್ಕಾಳ ತಪ್ಪಿಲ್ಲ. ಧರಿಸಲಾರನೆಂದರೆ ಆಕೃತಿ ಕಂಡದ್ದೇ ಸೈತಾನನೊಡನೆ ಅವಳ ಒಪ್ಪಂದಕ್ಕೆ ಪುರಾವೆ. ಫಿಪ್ಸ್ ನೇಮಿಸಿದ ವಿಶೇಷ ನ್ಯಾಯಾಲಯದ ಮುಖ್ಯಸ್ಥ ವಿಲಿಯಂ ಸ್ಟೌಟನ್ ಓದಿದ್ದು ಧರ್ಮಶಾಸ್ತ್ರ, ಕಾನೂನಲ್ಲ. ಧರಿಸಲಾರನು, ದೇವರು ಬಿಡುವುದಿಲ್ಲ ಎಂಬುದು ಅವನ ನಿಲುವು. ಬಾಸ್ಟನ್ನಿನ ಹಿರಿಯ ಪಾದ್ರಿಗಳಿಗೆ ಇದರಲ್ಲಿ ಮೊದಲಿಂದಲೂ ಅಳುಕಿತ್ತು. ಆದರೆ ಅಳುಕನ್ನು ಗಟ್ಟಿಯಾಗಿ ಹೇಳುವ ಹೊತ್ತಿಗೆ ಅಕ್ಟೋಬರ್ ಬಂದಿತ್ತು.

ರೆಬೆಕ್ಕಾ ನರ್ಸ್‌ಳ ಮೊಕದ್ದಮೆಯನ್ನೇ ನೋಡಿ. ವಯಸ್ಸು 71, ಚರ್ಚಿನ ಗೌರವಸ್ಥ ಸದಸ್ಯೆ, ತುಂಬು ಸಂಸಾರ. ಸುಮಾರು ನಲವತ್ತು ನೆರೆಹೊರೆಯವರು ಆಕೆಯ ನಡತೆಯ ಬಗ್ಗೆ ಬರೆದು ಸಹಿ ಹಾಕಿಕೊಟ್ಟರು. ಆ ದಿನಗಳಲ್ಲಿ ಆರೋಪಿಯ ಪರ ಸಹಿ ಹಾಕುವುದೆಂದರೆ ಮುಂದಿನ ವಾರಂಟಿಗೆ ತನ್ನ ಹೆಸರನ್ನು ತಾನೇ ಕೊಟ್ಟಂತೆ. ಜ್ಯೂರಿ ಮೊದಲು ನಿರಪರಾಧಿ ಎಂದೇ ಹೇಳಿತು. ಹೇಳಿದ್ದೇ ತಡ, ಪೀಡಿತ ಹುಡುಗಿಯರು ಚೀರಾಡಿದರು. ಸ್ಟೌಟನ್ ಜ್ಯೂರಿಗೆ ಒಂದು ಮಾತು ನೆನಪಿಸಿದ: ತಪ್ಪೊಪ್ಪಿಕೊಂಡ ಕೈದಿಯೊಬ್ಬಳನ್ನು ಕರೆತಂದಾಗ ರೆಬೆಕ್ಕಾ ಇವಳು ನಮ್ಮವರಲ್ಲಿ ಒಬ್ಬಳು ಎಂದಿದ್ದಳಲ್ಲ, ಅದನ್ನು ಗಮನಿಸಿದಿರಾ? ಜ್ಯೂರಿಯವರು ಆಕೆಯನ್ನೇ ಕೇಳಿದರು, ಆಕೆ ಉತ್ತರಿಸಲಿಲ್ಲ. ಮೌನವನ್ನು ಒಪ್ಪಿಗೆಯೆಂದು ಎಣಿಸಿ ತೀರ್ಪನ್ನು ತಿರುಗಿಸಿದರು. ತನಗೆ ಕಿವಿ ಮಂದ, ದುಃಖದಲ್ಲಿ ಪ್ರಶ್ನೆ ಕೇಳಿಸಲೇ ಇಲ್ಲ, ನಮ್ಮವಳು ಎಂದದ್ದು ಜೊತೆಯ ಕೈದಿ ಎಂಬರ್ಥದಲ್ಲಿ ಎಂದು ಆಕೆ ಆಮೇಲೆ ಬರೆದುಕೊಟ್ಟಳು. ಚರ್ಚು ಬಹಿಷ್ಕಾರ ಹಾಕಿತು. ಜುಲೈ 19ರಂದು ಇನ್ನೂ ನಾಲ್ವರು ಹೆಂಗಸರ ಜೊತೆ ಆಕೆಯನ್ನು ಗಲ್ಲಿಗೇರಿಸಿದರು. ಆ ನಾಲ್ವರಲ್ಲಿ ಸಾರಾ ಗುಡ್ ಒಬ್ಬಳು.

ಗಲ್ಲಿಗೆ ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಸೇಲಂನಲ್ಲಿ ಮಾಟಗಾತಿಯರನ್ನು ಸುಟ್ಟರು ಎಂದೇ ಬಹಳ ಜನ ನಂಬಿದ್ದಾರೆ. ಒಬ್ಬರನ್ನೂ ಸುಡಲಿಲ್ಲ. ಇಂಗ್ಲಿಷ್ ಕಾನೂನಿನಲ್ಲಿ ಮಾಟಕ್ಕೆ ಶಿಕ್ಷೆ ನೇಣು. ಜೂನ್ 10ರಂದು ಬ್ರಿಜೆಟ್ ಬಿಷಪ್ ಒಬ್ಬಳು, ಜುಲೈ 19ರಂದು ಐವರು, ಆಗಸ್ಟ್ 19ರಂದು ಐವರು, ಸೆಪ್ಟೆಂಬರ್ 22ರಂದು ಎಂಟು ಜನ. ಒಟ್ಟು ಹತ್ತೊಂಬತ್ತು, 14 ಹೆಂಗಸರು, ಐವರು ಗಂಡಸರು. ಆಗಸ್ಟ್‌ನ ಐವರಲ್ಲಿ ಜಾರ್ಜ್ ಬರೋಸ್ ಸ್ವತಃ ಪಾದ್ರಿ, ಒಂದು ಕಾಲದಲ್ಲಿ ಇದೇ ಹಳ್ಳಿಯಲ್ಲಿ ಸೇವೆ ಮಾಡಿದ್ದವನು. ಮಾಟಗಾರನ ಬಾಯಲ್ಲಿ ಕರ್ತನ ಪ್ರಾರ್ಥನೆ ತಪ್ಪಿಲ್ಲದೆ ಬಾರದು ಎಂಬುದು ಜನರ ನಂಬಿಕೆ. ಅವನು ನೇಣಿನ ಏಣಿಯ ಮೇಲೆ ನಿಂತು ಒಂದಕ್ಷರ ತಪ್ಪದೆ ಹೇಳಿದ. ಗುಂಪು ಕದಲಿತು. ಆಗ ಕುದುರೆಯ ಮೇಲಿದ್ದ ಪಾದ್ರಿ ಕಾಟನ್ ಮ್ಯಾಥರ್ ಸೈತಾನನಿಗೂ ದೇವದೂತನ ವೇಷ ಹಾಕಲು ಬರುತ್ತದೆ ಎಂದು ಜನರನ್ನು ಸಮಾಧಾನಪಡಿಸಿದ.

ಇಪ್ಪತ್ತನೆಯವನು ಗೈಲ್ಸ್ ಕೋರಿ, ಎಂಬತ್ತರ ಆಸುಪಾಸಿನ ರೈತ. ಅವನು ನೇಣಿಗೆ ಹೋಗಲಿಲ್ಲ. ಆರೋಪಿ ತನ್ನ ವಿಚಾರಣೆಗೆ ತಾನು ಬಾಯಿಬಿಟ್ಟು ಒಪ್ಪಿದರೆ ಮಾತ್ರ ಮೊಕದ್ದಮೆ ಮುಂದೆ ಸಾಗುವುದು ಅಂದಿನ ಪದ್ಧತಿ. ಒಪ್ಪದವನನ್ನು ಒಪ್ಪಿಸಲು ಎದೆಯ ಮೇಲೆ ಭಾರ ಹೇರುವುದು ಇನ್ನೊಂದು ಪದ್ಧತಿ. ಕೋರಿ ಒಪ್ಪಲಿಲ್ಲ. ಮಲಗಿಸಿ ಕಲ್ಲು ಹೇರಿದರು, ಸೆಪ್ಟೆಂಬರ್ 19ರಂದು ಸತ್ತ. ಇನ್ನಷ್ಟು ಭಾರ ಹೇರಿ ಎಂದನಂತೆ ಎಂಬುದು ದಂತಕಥೆ. ಅವನು ಮೊದಲೇ ಜಮೀನನ್ನು ಇಬ್ಬರು ಅಳಿಯಂದಿರ ಹೆಸರಿಗೆ ಬರೆದಿಟ್ಟಿದ್ದ ಎಂಬುದಕ್ಕಂತೂ ಪತ್ರವಿದೆ. ಮೂರು ದಿನಗಳ ಮೇಲೆ ಅವನ ಹೆಂಡತಿ ಮಾರ್ಥಾಳನ್ನು ಗಲ್ಲಿಗೇರಿಸಿದರು. ನೀವೆಲ್ಲ ನನ್ನ ವಿರುದ್ಧವಾಗಿದ್ದೀರಿ, ನಾನೇನು ಮಾಡಲಿ ಎಂಬುದು ವಿಚಾರಣೆಯಲ್ಲಿ ಆಕೆ ಆಡಿದ ಮಾತು.

ಈಗ ಈ ಕಥೆಯ ಗಂಟಿಗೆ ಬರೋಣ. ಸುಮಾರು ಐವತ್ತು ಜನ ತಾವು ಮಾಟಗಾತಿಯರೆಂದು ತಪ್ಪೊಪ್ಪಿಕೊಂಡರು. ಒಪ್ಪಿಕೊಂಡು ಅದೇ ಮಾತಿಗೆ ನಿಂತವರಲ್ಲಿ ಒಬ್ಬರನ್ನೂ ಗಲ್ಲಿಗೇರಿಸಲಿಲ್ಲ. ತಾನು ಅಂಥವಳಲ್ಲ ಎಂದವರೇ ಸತ್ತರು. ಆಂಡೋವರ್‌ನ ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಮೊದಲು ಒಪ್ಪಿಕೊಂಡು, ಮನಸ್ಸು ತಡೆಯದೆ ಅದು ಸುಳ್ಳೆಂದ, ಅವನನ್ನೂ ಕೊಂದರು. ನಮ್ಮ ಅನುಭವಕ್ಕೆ ಇದು ತಲೆಕೆಳಗು. ಕೊಲೆಯ ಆರೋಪಿ ಒಪ್ಪಿಕೊಂಡರೆ ಶಿಕ್ಷೆ, ಇಲ್ಲವೆಂದರೆ ಪುರಾವೆ ಬೇಕು. ಅಲ್ಲಿ ಒಪ್ಪಿಕೊಂಡವರನ್ನು ಸಾಕ್ಷಿಗಳೆಂದು ಜೀವಂತ ಉಳಿಸಿಕೊಳ್ಳುತ್ತಿದ್ದರು. ಅವರು ಇನ್ನಷ್ಟು ಹೆಸರು ಹೇಳಬೇಕಿತ್ತು. ಮೊದಲು ಒಪ್ಪಿಕೊಂಡವಳು ಟಿಟುಬಾ. ಸೈತಾನನ ಪುಸ್ತಕದಲ್ಲಿ ಒಂಬತ್ತು ಗುರುತುಗಳನ್ನು ಕಂಡೆನೆಂದಳು, ಉಳಿದ ಗುರುತುಗಳು ಯಾರವೆಂದು ಊರೆಲ್ಲ ಹುಡುಕಾಟ ಶುರುವಾಯಿತು. ಸುಳ್ಳಿಗೆ ಜೀವದಾನ, ನಿಜಕ್ಕೆ ಹಗ್ಗ. ಇದು ಸತ್ತವರಿಗೆ ಗೊತ್ತಿರಲಿಲ್ಲ ಎಂದಲ್ಲ, ಚೆನ್ನಾಗಿ ಗೊತ್ತಿತ್ತು. ಒಪ್ಪಿಕೊಂಡರೆ ಪ್ರಾಣ ಉಳಿಯುತ್ತಿತ್ತು ಎಂದು ಅವರೇ ಹೇಳಿದ್ದಾರೆ. ರೆಬೆಕ್ಕಾಳ ತಂಗಿ ಮೇರಿ ಈಸ್ಟಿ ಸಾಯುವ ಮುನ್ನ ನ್ಯಾಯಾಧೀಶರಿಗೆ ಬರೆದ ಅರ್ಜಿಯಲ್ಲಿ ತನ್ನ ಪ್ರಾಣವನ್ನು ಬೇಡಲಿಲ್ಲ. ನಾನು ಸಾಯಲೇಬೇಕೆಂದು ನನಗೆ ಗೊತ್ತು, ಇನ್ನು ಮುಂದೆ ನಿರಪರಾಧಿಗಳ ರಕ್ತ ಹರಿಯದಂತೆ ನೋಡಿಕೊಳ್ಳಿ, ನೀವು ಹಿಡಿದ ದಾರಿ ತಪ್ಪಾಗಿದೆ ಎಂದಳು.

ಇದನ್ನು ತಿಳಿದುಕೊಂಡ ಮೇಲೆ ಸ್ಮಾರಕದ ಅರ್ಥ ಬದಲಾಗುತ್ತದೆ. ಅಯ್ಯೋ ಪಾಪ ಎನ್ನಲು ಕಟ್ಟಿದ ಕಲ್ಲಲ್ಲ ಅದು. ಬದುಕುವ ದಾರಿ ಕಣ್ಣೆದುರು ತೆರೆದಿದ್ದರೂ ಸುಳ್ಳು ಹೇಳಲು ಒಪ್ಪದ ಇಪ್ಪತ್ತು ಜನರ ಹೆಸರು ಅಲ್ಲಿವೆ.

ಹಾಗಾದರೆ ಪಟ್ಟಿಯಲ್ಲಿ 25 ಹೇಗೆ? ಉಳಿದ ಐವರು ಜೈಲಿನಲ್ಲಿ ಸತ್ತವರು. ಆ ಕಾಲದ ಜೈಲಿನಲ್ಲಿ ಊಟಕ್ಕೆ, ವಸತಿಗೆ, ಕಡೆಗೆ ಕಾಲಿಗೆ ಹಾಕಿದ ಸಂಕೋಲೆಗೂ ಕೈದಿಯೇ ದುಡ್ಡು ಕೊಡಬೇಕಿತ್ತು. ಖುಲಾಸೆಯಾದರೂ ಬಾಕಿ ಕಟ್ಟದೆ ಹೊರಗೆ ಬಿಡುತ್ತಿರಲಿಲ್ಲ. ಲಿಡಿಯಾ ಡಸ್ಟಿನ್ ಎಂಬ ಮುದುಕಿಯನ್ನು 1693ರಲ್ಲಿ ನ್ಯಾಯಾಲಯ ನಿರಪರಾಧಿ ಎಂದಿತು, ಬಾಕಿ ಕಟ್ಟಲಾಗದೆ ಜೈಲಿನಲ್ಲೇ ಸತ್ತಳು. ಟಿಟುಬಾಳ ಬಾಕಿಯನ್ನು ಪಾದ್ರಿ ಕಟ್ಟಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದು, ಯಾರೋ ಬಾಕಿ ಕಟ್ಟಿ ಅವಳನ್ನು ಕೊಂಡುಕೊಂಡು ಹೋದರು. ಅಲ್ಲಿಗೆ ಅವಳು ದಾಖಲೆಯಿಂದ ಮಾಯ. ಸಾಯದ ಕಾರಣ ಅವಳ ಹೆಸರು ಯಾವ ಸ್ಮಾರಕದ ಪಟ್ಟಿಯಲ್ಲೂ ಇಲ್ಲ.

ಸೇಲಂ ನಗರದ ಸ್ಮಾರಕದಲ್ಲಿ ಇರುವುದು ಇಪ್ಪತ್ತೇ ಹೆಸರು. ಅದು 1992ರ ಆಗಸ್ಟ್ 5ರಂದು ಉದ್ಘಾಟನೆಯಾಯಿತು. ಉದ್ಘಾಟಿಸಿದ್ದು ನಾಜಿ ಯಾತನಾ ಶಿಬಿರದಿಂದ ಬದುಕಿ ಬಂದ, ನೊಬೆಲ್ ಶಾಂತಿ ಪುರಸ್ಕೃತ ಎಲೀ ವೀಸೆಲ್. ವಾಸ್ತುಶಿಲ್ಪಿ ಜೇಮ್ಸ್ ಕಟ್ಲರ್ ಮತ್ತು ಕಲಾವಿದೆ ಮ್ಯಾಗಿ ಸ್ಮಿತ್ ಅದನ್ನು ರೂಪಿಸಿದರು. ನಾಲ್ಕಡಿ ಎತ್ತರದ ಕಲ್ಲುಗೋಡೆ, ಅದರಿಂದ ಹೊರಚಾಚಿದ ಇಪ್ಪತ್ತು ಗ್ರಾನೈಟ್ ಜಗಲಿಗಳು. ಒಂದೊಂದರ ಮೇಲೆ ಒಂದು ಹೆಸರು, ಸತ್ತ ಬಗೆ, ತಾರೀಖು. ಇಷ್ಟೇ. ಸತ್ತವರನ್ನು ಬಂಡೆಯ ಸಂದಿಗೆ ಎಸೆದರೆನ್ನುತ್ತಾರೆ, ಹೆಸರು ಕೆತ್ತಿದ ಗೋರಿ ಅವರಿಗಿರಲಿಲ್ಲ. ಹೂವಿಡಲು ಈ ಜಗಲಿಯೇ ಗೋರಿ. ನನಗೆ ಹೆಚ್ಚು ತಟ್ಟುವುದು ಹೊಸ್ತಿಲು. ನಾನು ಮಾಟಗಾತಿಯಲ್ಲ, ನಾನು ನಿರಪರಾಧಿ ಎಂದು ಅವರು ಆಡಿದ ಮಾತುಗಳನ್ನು ಬಾಗಿಲ ಹಾಸುಗಲ್ಲುಗಳ ಮೇಲೆ ಕೊರೆದಿದ್ದಾರೆ, ಮಾತು ಮುಗಿಯುವ ಮೊದಲೇ ಗೋಡೆ ಬಂದು ಕೂತುಬಿಡುತ್ತದೆ. ವಾಕ್ಯದ ಉಳಿದರ್ಧ ಗೋಡೆಯ ಕೆಳಗೆ. ಒಳಗೆ ನೆಟ್ಟಿರುವ ಲೋಕಸ್ಟ್ ಮರಗಳು ಎಲ್ಲಕ್ಕಿಂತ ತಡವಾಗಿ ಹೂ ಬಿಟ್ಟು ಎಲ್ಲಕ್ಕಿಂತ ಮೊದಲು ಎಲೆ ಉದುರಿಸುತ್ತವೆ ಎಂಬ ಕಾರಣಕ್ಕೇ ಆಯ್ದವು.

ಗೋಡೆಯ ಆಚೆಗೆ ಹಳೆಯ ಸ್ಮಶಾನ. ಅಲ್ಲಿ ಜಾನ್ ಹಾಥಾರ್ನ್‌ನ ಗೋರಿ ಭದ್ರವಾಗಿದೆ. ಕೊಲ್ಲಿಸಿದವನಿಗೆ ಹೆಸರು ಕೆತ್ತಿದ ಗೋರಿಕಲ್ಲು ಮೊದಲಿಂದಲೂ ಇತ್ತು. ಅವನ ವಂಶದಲ್ಲಿ ಹುಟ್ಟಿದ ಹತ್ತೊಂಬತ್ತನೆಯ ಶತಮಾನದ ಪ್ರಸಿದ್ಧ ಕಾದಂಬರಿಕಾರನೊಬ್ಬ ಮನೆತನದ ಹೆಸರಿನ ಕಾಗುಣಿತಕ್ಕೆ ಒಂದು ಅಕ್ಷರ ಹೆಚ್ಚಿಗೆ ಸೇರಿಸಿಕೊಂಡ. ಮುತ್ತಜ್ಜನ ನೆರಳು ತಪ್ಪಿಸಿಕೊಳ್ಳಲೆಂದೇ ಹಾಗೆ ಮಾಡಿದ ಎನ್ನುವವರಿದ್ದಾರೆ.

ಮೂರನೆಯ ಸ್ಮಾರಕದ ಕಥೆಯೇ ಬೇರೆ. ನೇಣು ಹಾಕಿದ ಜಾಗ ಯಾವುದು ಎಂಬುದನ್ನೇ ಊರು ಮರೆತಿತ್ತು. ಗ್ಯಾಲೋಸ್ ಹಿಲ್, ಅಂದರೆ ಗಲ್ಲಿನ ಗುಡ್ಡ, ಎಂಬ ಹೆಸರಿನ ಗುಡ್ಡದ ನೆತ್ತಿಯೇ ಇರಬೇಕೆಂದು ಜನ ಬಹಳ ಕಾಲ ನಂಬಿದ್ದರು. ಅಲ್ಲ, ಗುಡ್ಡದ ಬುಡದ ಪ್ರಾಕ್ಟರ್ಸ್ ಲೆಡ್ಜ್ ಎಂಬ ಬಂಡೆ ಎಂದು ಸಿಡ್ನಿ ಪರ್ಲಿ ಎಂಬ ಇತಿಹಾಸಕಾರ 1921ರಲ್ಲೇ ತೋರಿಸಿಕೊಟ್ಟಿದ್ದ. 1936ರಲ್ಲಿ ನಗರಾಡಳಿತ ಸ್ಮಾರಕಕ್ಕೆಂದು ಆ ತುಂಡು ನೆಲವನ್ನು ಕೊಂಡಿತು. ಕೊಂಡು ಸುಮ್ಮನಾಯಿತು. ಎಂಬತ್ತು ವರ್ಷ ಅಲ್ಲಿ ಗಿಡಗಂಟಿ ಬೆಳೆಯಿತು, ಮುಂದೆ ಒಂದು ಔಷಧಿ ಅಂಗಡಿ ಬಂತು. ಸರ್ಕಾರಿ ಕಡತ ಎಲ್ಲ ದೇಶದಲ್ಲೂ ಒಂದೇ ವೇಗದಲ್ಲಿ ನಡೆಯುತ್ತದೆ ಎಂದು ತಿಳಿದು ನನಗಂತೂ ಸಮಾಧಾನವಾಯಿತು. ಕಡೆಗೆ ವಿದ್ವಾಂಸರ ತಂಡವೊಂದು 2016ರ ಜನವರಿಯಲ್ಲಿ ಜಾಗವನ್ನು ಖಚಿತಪಡಿಸಿತು. ಅವರಿಗೆ ದಾರಿ ತೋರಿಸಿದ ಸುಳಿವುಗಳಲ್ಲಿ ಒಂದು, ರೆಬೆಕ್ಕಾ ಈಮ್ಸ್ ಎಂಬ ಆರೋಪಿಯ ಹೇಳಿಕೆ. 1692ರ ಆಗಸ್ಟ್ 19ರಂದು ಆಕೆಯನ್ನು ವಿಚಾರಣೆಗೆ ಕರೆತರುವ ದಾರಿಯಲ್ಲಿ ಗುಡ್ಡದ ಕೆಳಗಿನ ಮನೆಯೊಂದರಲ್ಲಿ ಇಳಿಸಿದ್ದರು, ನೇಣು ನೋಡಲು ಸೇರಿದ ಜನ ಅಲ್ಲಿಂದ ಕಂಡಿದ್ದರು. ಯಾವ ಮನೆಯಿಂದ ಯಾವ ಬಂಡೆ ಕಾಣುತ್ತದೆ ಎಂಬ ಲೆಕ್ಕ ಹಿಡಿದು ಜಾಗವನ್ನು ತಾಳೆ ನೋಡಿದರು. ನೆಲದೊಳಗೆ ರೇಡಾರ್ ಹಾಯಿಸಿ ನೋಡಿದರು. ಹೆಣ ಹೂಳುವಷ್ಟು ಮಣ್ಣೇ ಅಲ್ಲಿರಲಿಲ್ಲ. 2017ರ ಜುಲೈ 19ರಂದು, ಐವರು ಹೆಂಗಸರನ್ನು ಕೊಂದ 325ನೆಯ ವರ್ಷದ ಅದೇ ದಿನ, ಹತ್ತೊಂಬತ್ತು ಹೆಸರುಗಳ ಅರ್ಧವೃತ್ತದ ಕಲ್ಲುಗೋಡೆ ಅಲ್ಲಿ ತೆರೆದುಕೊಂಡಿತು.

ಕಲ್ಲಿಗೆ ಮುನ್ನೂರು ವರ್ಷ ಹಿಡಿಯಿತು ಸರಿ, ಕಾನೂನಿಗೆ? ಇಲ್ಲಿ ಜನರಿಗೆ ಗೊಂದಲ ಹೆಚ್ಚು. ತಪ್ಪಾಯಿತು ಎಂಬ ಮಾತು ಬೇಗನೆ ಬಂತು. 1692ರ ಅಕ್ಟೋಬರ್‌ನಲ್ಲಿ ಗವರ್ನರ್ ಫಿಪ್ಸ್ ಆ ನ್ಯಾಯಾಲಯವನ್ನೇ ಮುಚ್ಚಿದ. ಮುಂದಿನ ಜನವರಿಯಲ್ಲಿ ಹೊಸ ನ್ಯಾಯಾಲಯ ಆಕೃತಿಯ ಸಾಕ್ಷ್ಯವನ್ನು ತಳ್ಳಿಹಾಕಿತು, ಮೊಕದ್ದಮೆಗಳು ಉದುರಿಬಿದ್ದವು. 1697ರ ಜನವರಿ 14ರ ಉಪವಾಸದ ದಿನ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಾಲ್ ಬಾಸ್ಟನ್ನಿನ ಚರ್ಚಿನಲ್ಲಿ ಎದ್ದು ನಿಂತು, ಹೊಣೆಯನ್ನೂ ನಾಚಿಕೆಯನ್ನೂ ತಾನು ಹೊರುತ್ತೇನೆಂಬ ಪತ್ರವನ್ನು ಪಾದ್ರಿಯಿಂದ ಓದಿಸಿದ. ಹನ್ನೆರಡು ಮಂದಿ ಜ್ಯೂರಿಯವರೂ ಕ್ಷಮೆ ಕೇಳಿ ಸಹಿ ಹಾಕಿದರು. ಸ್ಟೌಟನ್ ಕೇಳಲಿಲ್ಲ. ಹನ್ನೆರಡರ ವಯಸ್ಸಿನಲ್ಲಿ ಬೆರಳು ತೋರಿಸಿ ತೋರಿಸಿ ಹಲವರನ್ನು ನೇಣಿಗೆ ಕಳಿಸಿದ ಆನ್ ಪಟ್ನಮ್ 1706ರಲ್ಲಿ ಹಳ್ಳಿಯ ಚರ್ಚಿನಲ್ಲಿ ಕ್ಷಮೆ ಕೇಳಿದಳು. ಆದರೆ ತಪ್ಪನ್ನು ಸೈತಾನನ ತಲೆಗೆ ಕಟ್ಟಿದಳು; ಅವನು ಕಣ್ಕಟ್ಟು ಮಾಡಿದನಂತೆ.

ಕ್ಷಮೆ ಕೇಳುವುದು ಒಂದು, ಶಿಕ್ಷೆಯನ್ನು ರದ್ದು ಮಾಡುವುದು ಇನ್ನೊಂದು. ಮರಣದಂಡನೆಗೆ ಗುರಿಯಾದವರು ಕಾನೂನಿನ ಲೆಕ್ಕದಲ್ಲಿ ಬದುಕಿದ್ದೂ ಸತ್ತವರು. ಎಲಿಜಬೆತ್ ಪ್ರಾಕ್ಟರ್‌ಳ ಗಂಡ ಜಾನ್‌ನನ್ನು ಗಲ್ಲಿಗೇರಿಸಿದರು, ಆಕೆ ಗರ್ಭಿಣಿಯಾಗಿದ್ದರಿಂದ ಹೆರಿಗೆಯವರೆಗೆ ಶಿಕ್ಷೆ ಮುಂದೂಡಿದರು, ಅಷ್ಟರಲ್ಲಿ ಬಿರುಗಾಳಿ ಅಡಗಿ ಆಕೆ ಬದುಕಿದಳು. ಮನೆಗೆ ಬಂದರೆ ಮನೆಯಲ್ಲಿ ಏನೂ ಇಲ್ಲ. ಬಂಧನವಾದಾಗಲೇ ಷರೀಫನ ಜನ ಬಂದು ದನಕರು ಹೊಡೆದುಕೊಂಡು ಹೋಗಿದ್ದರು. ಒಲೆಯ ಮೇಲಿನ ಸಾರನ್ನು ಚೆಲ್ಲಿ ಪಾತ್ರೆಯನ್ನು ಒಯ್ದಿದ್ದರು. ಗಂಡನ ಉಯಿಲಿನಲ್ಲಿ ಆಕೆಯ ಹೆಸರಿರಲಿಲ್ಲ. ಪಾಲು ಕೇಳಿದರೆ ನೀನು ಕಾನೂನಿನಲ್ಲಿ ಸತ್ತವಳು ಎಂದರು. ಶಿಕ್ಷೆಯ ರದ್ದತಿ ಎಂಬುದು ಬರೀ ಮಾನದ ಪ್ರಶ್ನೆಯಾಗಿರಲಿಲ್ಲ, ಅನ್ನದ ಪ್ರಶ್ನೆಯಾಗಿತ್ತು.

1711ರಲ್ಲಿ ವಸಾಹತಿನ ಶಾಸನಸಭೆ 22 ಜನರ ಶಿಕ್ಷೆಯನ್ನು ರದ್ದು ಮಾಡಿ, 578 ಪೌಂಡ್ 12 ಶಿಲ್ಲಿಂಗ್ ಪರಿಹಾರ ಹಂಚಿತು. ಯಾರಿವರು 22 ಜನ? ಯಾರ ಮನೆಯವರು ಅರ್ಜಿ ಹಾಕಿದ್ದರೋ ಅವರು. ಅರ್ಜಿ ಹಾಕಲು ಯಾರೂ ಇಲ್ಲದವರು ಅಪರಾಧಿಗಳಾಗಿಯೇ ಉಳಿದರು. ಮೊದಲು ನೇಣಿಗೆ ಹೋದ ಬ್ರಿಜೆಟ್ ಬಿಷಪ್ ಅವರಲ್ಲಿ ಒಬ್ಬಳು. 1957ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಇನ್ನೊಂದು ನಿರ್ಣಯ ಮಾಡಿತು. ಅದರಲ್ಲಿ ಆನ್ ಪುಡಿಯೇಟರ್ ಎಂಬಾಕೆಯ ಹೆಸರು ಬರೆದು, ಮುಂದೆ ಮತ್ತು ಇತರ ಕೆಲವರು ಎಂದು ಮುಗಿಸಿದರು. ಕೋರ್ಟು ಕಚೇರಿಗೆ ಅಲೆದವರಿಗೆ ಈ ಮತ್ತು ಇತರರು ಎಂಬ ಗುಂಡಿಯ ಆಳ ಗೊತ್ತಿರುತ್ತದೆ. ಐವರು ಹೆಂಗಸರು ಆ ಗುಂಡಿಯಲ್ಲಿ 44 ವರ್ಷ ಇದ್ದರು. 2001ರ ಅಕ್ಟೋಬರ್ 31ರಂದು ಬ್ರಿಜೆಟ್ ಬಿಷಪ್, ಸುಸಾನಾ ಮಾರ್ಟಿನ್, ಆಲಿಸ್ ಪಾರ್ಕರ್, ವಿಲ್ಮಟ್ ರೆಡ್, ಮಾರ್ಗರೆಟ್ ಸ್ಕಾಟ್ ಎಂದು ಒಂದೊಂದು ಹೆಸರನ್ನೂ ಬರೆದ ಕಾಯ್ದೆಗೆ ಸಹಿ ಬಿತ್ತು.

ಆಗಲೂ ಒಬ್ಬಳು ಬಿಟ್ಟುಹೋಗಿದ್ದಳು. ಆಂಡೋವರ್‌ನ ಎಲಿಜಬೆತ್ ಜಾನ್ಸನ್, 22 ವರ್ಷದವಳು. 1693ರಲ್ಲಿ ಮರಣದಂಡನೆಯಾಗಿ, ಗವರ್ನರನ ತಡೆಯಿಂದ ಉಳಿದಳು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ತನ್ನ ಹೆಸರು ಬಿಟ್ಟುಹೋಗಿದೆ ಎಂದು 1712ರಲ್ಲಿ ತಾನೇ ಅರ್ಜಿ ಹಾಕಿದಳು, ಫಲವಾಗಲಿಲ್ಲ. ತಾಯಿಯ ಹೆಸರೂ ಎಲಿಜಬೆತ್ ಜಾನ್ಸನ್ನೇ. ತಾಯಿಗೆ ಖುಲಾಸೆಯಾಗಿತ್ತು, ಮಗಳು ಆ ಹೆಸರಿನ ಹಿಂದೆ ಮರೆಯಾದಳು. ಆಕೆಗಾಗಿ ಕೇಳಿದವರು ನಾರ್ತ್ ಆಂಡೋವರ್‌ನ ಎಂಟನೆಯ ತರಗತಿಯ ಮಕ್ಕಳು. ಪೌರನೀತಿ ಪಾಠದ ಭಾಗವಾಗಿ ಕಡತ ಹುಡುಕಿದರು, ಶಾಸಕರಿಗೆ ಬರೆದರು, ಕರಡು ತಯಾರಿಸಿದರು. 2022ರ ಜುಲೈನಲ್ಲಿ ರಾಜ್ಯದ ಬಜೆಟ್ ಮಸೂದೆಗೆ ಒಂದು ಸಾಲಿನ ತಿದ್ದುಪಡಿಯಾಗಿ ಅವಳ ಹೆಸರು ಸೇರಿ, 329 ವರ್ಷಗಳ ನಂತರ ಮರಣದಂಡನೆ ರದ್ದಾಯಿತು. ನೆರೆಯ ಕನೆಕ್ಟಿಕಟ್ ರಾಜ್ಯ ತನ್ನ ಹಳೆಯ ಮಾಟದ ಮೊಕದ್ದಮೆಗಳಲ್ಲಿ ಶಿಕ್ಷೆಯಾದ ಹನ್ನೆರಡು ಜನರನ್ನು ನಿರಪರಾಧಿಗಳೆಂದು ಸಾರಿದ್ದು ಅದರ ಮರುವರ್ಷ. ಅಲ್ಲಿ ಆಲ್ಸ್ ಯಂಗ್ ಎಂಬಾಕೆಯನ್ನು ನೇಣಿಗೆ ಹಾಕಿದ್ದು 1647ರಲ್ಲಿ, ಸೇಲಂಗಿಂತ 45 ವರ್ಷ ಮೊದಲು.

ಕೇಳುವ ಜನ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಡಾನ್ವರ್ಸ್‌ನಲ್ಲೇ ಉದಾಹರಣೆಯಿದೆ. ರೆಬೆಕ್ಕಾ ನರ್ಸ್‌ಳ ವಂಶಸ್ಥರು 1885ರಲ್ಲೇ, ಊರು ಎಚ್ಚರಗೊಳ್ಳುವ ನೂರು ವರ್ಷ ಮೊದಲು, ಮನೆತನದ ಸ್ಮಶಾನದಲ್ಲಿ ಆಕೆಗೆ ಕಲ್ಲು ನಿಲ್ಲಿಸಿದರು. 1892ರಲ್ಲಿ ಪಕ್ಕದಲ್ಲೇ ಇನ್ನೊಂದು ಕಲ್ಲು ನಿಂತಿತು. ಅದರಲ್ಲಿರುವುದು ಆಕೆಯ ಪರ ನಿಂತ ಆ ನಲವತ್ತು ನೆರೆಹೊರೆಯವರ ಹೆಸರು. ಈ ಎಲ್ಲ ಸ್ಮಾರಕಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ. ಕೊಂದ ಊರು ಎನ್ನುವಾಗ ಸಹಿ ಹಾಕಿದ ಆ ನಲವತ್ತು ಕೈಗಳನ್ನು ಬಿಟ್ಟು ಎನ್ನಬೇಕು.

ಸಾರಾ ಗುಡ್‌ಳ ಪರವಾಗಿ ಅಂಥ ಪತ್ರವನ್ನು ಯಾರೂ ಬರೆಯಲಿಲ್ಲ. ಗಂಡನೇ ಅವಳ ವಿರುದ್ಧ ಮಾತಾಡಿದ. ಗಲ್ಲಿನ ಬಳಿ ಪಾದ್ರಿ ನಿಕೊಲಸ್ ನೋಯಸ್ ಒಪ್ಪಿಕೋ ಎಂದು ಪೀಡಿಸಿದಾಗ, ನೀನು ಎಷ್ಟು ಮಾಟಗಾರನೋ ನಾನೂ ಅಷ್ಟೇ ಮಾಟಗಾತಿ, ನನ್ನ ಪ್ರಾಣ ತೆಗೆದರೆ ದೇವರು ನಿನಗೆ ರಕ್ತ ಕುಡಿಸುತ್ತಾನೆ ಎಂದು ಶಪಿಸಿ ಸತ್ತಳೆಂದು ಹೇಳುತ್ತಾರೆ. ಅವಳ ಮಗಳು ಡೊರೊಥಿಗೆ ಆಗ ನಾಲ್ಕೋ ಐದೋ ವರ್ಷ. ಆ ಮಗುವಿನ ಮೇಲೂ ವಾರಂಟ್ ಹೊರಡಿಸಿ, ಸಂಕೋಲೆ ತೊಡಿಸಿ, ಎಂಟು ತಿಂಗಳಿಗೂ ಹೆಚ್ಚು ಜೈಲಿನಲ್ಲಿಟ್ಟರು. ಅವಳಿಗೆ ಬುದ್ಧಿ ಸ್ಥಿಮಿತ ತಪ್ಪಿದೆ, ನೋಡಿಕೊಳ್ಳುವುದು ದೊಡ್ಡ ಹೊರೆಯಾಗಿದೆ ಎಂದು 1710ರಲ್ಲಿ ತಂದೆ ವಿಲಿಯಂ ಗುಡ್ ಅರ್ಜಿ ಬರೆದ. ಮೂವತ್ತು ಪೌಂಡ್ ಸಿಕ್ಕಿತು. ಡೊರೊಥಿ ಬದುಕಿದ್ದಳಾದ್ದರಿಂದ ಡಾನ್ವರ್ಸ್‌ನ 25ರ ಪಟ್ಟಿಯಲ್ಲಿ ಅವಳಿಲ್ಲ.

ಆ 25ರಲ್ಲಿ ಇರುವುದು ಅವಳ ಬೆನ್ನಿಗೆ ಹುಟ್ಟಿದ ಕೂಸು. ತಾಯಿಯನ್ನು ಹಿಡಿದೊಯ್ದಾಗ ಮೊಲೆಯುಣ್ಣುತ್ತಿದ್ದುದರಿಂದ ಅದೂ ಜೈಲಿಗೆ ಹೋಯಿತು, ತಾಯಿಗಿಂತ ಮೊದಲೇ ಅಲ್ಲಿ ಸತ್ತಿತು. ಅದರ ಮೇಲೆ ಆರೋಪವಿರಲಿಲ್ಲ, ವಾರಂಟ್ ಇರಲಿಲ್ಲ. ಆದ್ದರಿಂದ 1711ರಲ್ಲಾಗಲಿ, 1957ರಲ್ಲಾಗಲಿ, 2001ರಲ್ಲಾಗಲಿ ಅದರ ವಿಷಯದಲ್ಲಿ ರದ್ದು ಮಾಡಲು ಏನೂ ಇರಲಿಲ್ಲ. ಅದಕ್ಕೆ ಜಾಗ ಸಿಕ್ಕಿದ್ದು ಹೋಬರ್ಟ್ ಸ್ಟ್ರೀಟಿನ ಆ ಕಲ್ಲಿನ ಮೇಲೆ.